ಇಡ್ಲಿ ಪಾತ್ರೆಯೂ ಪಿಕಪ್‌ನ ಚಕ್ರಗಳೂ

ನನ್ನ ಪಿಕಪ್‌ಗೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ ಹಳೆಯ ಅಲ್ಯೂಮಿನಿಯಂ ಚಕ್ರಗಳನ್ನು ಹಾಕಿಸಿ ಎರಡು ವರ್ಷವಾಗಿತ್ತು. ಪೀಣ್ಯದ ಧೂಳು, ಬ್ರೇಕಿನಿಂದ ಉದುರುವ ಪುಡಿ, ಕೊಳವೆಬಾವಿಯ ಗಡಸು ನೀರು ಸೇರಿ ಅವು ಸೀಸದ ಬಣ್ಣಕ್ಕೆ ತಿರುಗಿದ್ದವು. ಆಯುಧಪೂಜೆಗೆ ಐದು ವಾರವಿರುವಾಗ ನಾನೇ ಹೊಳಪು ಕೊಡಲು ಹೊರಟೆ.

ಮೊದಲ ದಿನವೇ ಎಡವಿದೆ. ಜಿಡ್ಡು ಬಿಡಲೆಂದು ಬಿಸಿನೀರಿಗೆ ವಾಷಿಂಗ್ ಸೋಡಾ ಕಲಸಿ ಬಳಿದು, ಕಾಫಿ ಕುಡಿಯಲು ಒಳಗೆ ಹೋದೆ. ಬಂದು ನೋಡಿದರೆ ಚಕ್ರ ಇನ್ನಷ್ಟು ಕಪ್ಪಾಗಿದೆ! ಬಾಗಿಲಲ್ಲಿ ನಿಂತಿದ್ದ ಅಮ್ಮ, ‘ಇಡ್ಲಿ ಪಾತ್ರೆಯ ನೀರಿಗೆ ಹುಣಸೆಹಣ್ಣಿನ ಚೂರು ಯಾಕೆ ಹಾಕುತ್ತೇನೆ, ಗೊತ್ತೇನೋ?’ ಎಂದಳು. ದಿನವೂ ಕಂಡಿದ್ದೆ, ಕೇಳಿರಲಿಲ್ಲ. ಅಲ್ಯೂಮಿನಿಯಂ ಮೇಲೆ ಸದಾ ತೆಳುವಾದ ಆಕ್ಸೈಡ್ ಪದರವಿರುತ್ತದೆ. ವಾಷಿಂಗ್ ಸೋಡಾದಲ್ಲೂ ಗಡಸು ನೀರಿನಲ್ಲೂ ಇರುವ ಕ್ಷಾರ ಅದನ್ನು ಕರಗಿಸಿ ಲೋಹಕ್ಕೇ ಬಾಯಿ ಹಾಕುತ್ತದೆ. ಹುಣಸೆಯ ಹುಳಿ ಕ್ಷಾರವನ್ನು ಮುರಿಯುತ್ತದೆ. ಹಾಗೆಂದು ಶೌಚಾಲಯ ತೊಳೆಯುವ ಆಸಿಡ್ ಸುರಿಯಬೇಡಿ. ಅದು ಚಕ್ರದ ಮೇಲೆ ಗುಂಡಿ ಬೀಳಿಸುತ್ತದೆ.

ಇನ್ನೊಂದನ್ನು ಮೊದಲೇ ನೋಡಬೇಕಿತ್ತು: ಚಕ್ರದ ಮೇಲೆ ಪಾರದರ್ಶಕ ಲೇಪನ ಇದೆಯೇ ಎಂದು. ಮೂಲೆಯಲ್ಲಿ ಚೂರು ಪಾಲಿಶ್ ಪೇಸ್ಟ್ ಉಜ್ಜಿದಾಗ ಬಟ್ಟೆ ಕಪ್ಪಾದರೆ ಅದು ಬರಿಯ ಲೋಹ. ಕಪ್ಪಾಗದಿದ್ದರೆ ಲೇಪನವಿದೆ, ಶಾಂಪೂ ನೀರಿಗಿಂತ ಮುಂದೆ ಹೋಗಬೇಡಿ. ನನ್ನದು ಬರಿಯ ಲೋಹ.

ಭಾನುವಾರಕ್ಕೊಂದು ಚಕ್ರ. ಗಾಡಿಯನ್ನು ಬರಿಯ ಜ್ಯಾಕ್ ಮೇಲೆ ಬಿಡದೆ ಸ್ಟ್ಯಾಂಡ್ ಕೊಟ್ಟು, ಬೇರೆ ಚಕ್ರಗಳಿಗೆ ಕಲ್ಲು ಒತ್ತಿ, ಬಿಚ್ಚಿದ ಚಕ್ರವನ್ನು ಗೋಣಿಚೀಲದ ಮೇಲೆ ಮಲಗಿಸುತ್ತಿದ್ದೆ. ತೊಳೆಯುವುದಕ್ಕೆ ಮಳೆನೀರು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದಾಗ ತಾರಸಿಯ ಕೊಳವೆಯ ಕೆಳಗೊಂದು ಡ್ರಮ್ ಇಟ್ಟೆ. ಅದರ ನೀರು ಒಣಗಿದಾಗ ಬಿಳಿ ಕಲೆ ಉಳಿಯುವುದಿಲ್ಲ.

ಬೆವರು ಹರಿಯುವುದು ವಾಟರ್ ಪೇಪರ್, ಅಂದರೆ ನೀರಿನಲ್ಲಿ ನೆನೆಸಿ ಬಳಸುವ ಉಜ್ಜುಕಾಗದ, ಉಜ್ಜುವಾಗ. ಅದರ ನಂಬರ್ ಹೆಚ್ಚಿದಷ್ಟೂ ಕಾಗದ ನಯ. ಗುಂಡಿ ಬಿದ್ದ ಕಡೆ 400ರಿಂದ ಶುರು, ಆಮೇಲೆ 800, 1200, 2000. ಕಾಗದ ಸದಾ ಒದ್ದೆಯಾಗಿರಬೇಕು. ಪ್ರತಿ ಸಲ ಉಜ್ಜುವ ದಿಕ್ಕನ್ನು ಅಡ್ಡ ತಿರುಗಿಸಿದರೆ ಹಿಂದಿನ ಗೀರು ಉಳಿದಿದೆಯೇ ಎಂಬುದು ಕಣ್ಣಿಗೆ ಬೀಳುತ್ತದೆ. ಬೇಗ ಮುಗಿಸುವ ಆಸೆಗೆ ಎರಡನೆಯ ಚಕ್ರದಲ್ಲಿ 800 ಬಿಟ್ಟು ಮುಂದೆ ಹೋದೆ. ಪಾಲಿಶ್ ಹಚ್ಚಿದ ಮೇಲೆ ಒರಟು ಗೀರುಗಳೆಲ್ಲ ಬಿಸಿಲಿಗೆ ಮಿಂಚಿ ನಗತೊಡಗಿದವು, ಮತ್ತೆ ಮೊದಲಿನಿಂದ. ನಟ್ಟು ಕೂರುವ ಜಾಗವನ್ನು ಮಾತ್ರ ಮುಟ್ಟಲೇ ಇಲ್ಲ.

ಪೇಸ್ಟ್ ಉಜ್ಜಲು ಹಳೆಯ ಬನಿಯನ್ ಬಟ್ಟೆಯೇ ಲೇಸು. ಬಟ್ಟೆ ಕಪ್ಪಾಗುತ್ತಲೇ ಇರುತ್ತದೆ, ಹೆದರಬಾರದು. ಕೊನೆಗೆ ಉಳಿಯುವ ಮಬ್ಬಿನ ಮೇಲೆ ಒಂದು ಹಿಡಿ ಮೈದಾ ಚಿಮುಕಿಸಿ ಒಣ ಬಟ್ಟೆಯಲ್ಲಿ ಒರೆಸಿದರೆ ಜಿಡ್ಡೆಲ್ಲ ಹೀರಿಕೊಂಡು ಮುಖ ಕಾಣುವಂತಾಗುತ್ತದೆ. ಅದರ ಮೇಲೆ ತೆಳುವಾಗಿ ವ್ಯಾಕ್ಸ್. ನಟ್ಟುಗಳನ್ನು ಎದುರುಬದುರಾಗಿ ಬಿಗಿದೆ, ನೂರು ಕಿಲೋಮೀಟರ್ ಒಳಗೆ ಇನ್ನೊಮ್ಮೆ.

ಪೂಜೆಯ ದಿನ ನಿಂಬೆಹಣ್ಣು ಜಜ್ಜಿ ರಸ ಸಿಡಿದ ಕೂಡಲೇ ಬಟ್ಟೆ ಹಿಡಿದು ಓಡಿದೆ, ಅಮ್ಮ ನಕ್ಕಳು. ಸ್ಟೆಪ್ನಿ ಮಾತ್ರ ಇನ್ನೂ ಸೀಸದ ಬಣ್ಣದಲ್ಲೇ ಇದೆ. ಗಾಡಿಯ ಅಡಿಗೆ ಬಗ್ಗಿ ನೋಡುವವರು ಯಾರು?