ಚಿಕ್ಕ ಬೋರ್ಡ್ ಮೇಲೆ ಗ್ರಾಫ್ ನ್ಯೂರಲ್ ನೆಟ್‌ವರ್ಕ್ ಓಡಿಸಿದ್ದು

ಗ್ರಾಫ್ ನ್ಯೂರಲ್ ನೆಟ್‌ವರ್ಕನ್ನು (ಒಂದಕ್ಕೊಂದು ಕೊಂಡಿ ಇರುವ ಡೇಟಾದಿಂದ ಕಲಿಯುವ ಮಾಡೆಲ್) ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಬಹುದಾದ ಚಿಪ್) ಮೇಲೆ ಓಡಿಸುತ್ತಿದ್ದೇನೆ ಅಂದರೆ, ಒಟ್ಟಿಗೆ ಎಷ್ಟು ಗುಣಾಕಾರ ಮಾಡಿಸುತ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ನನಗೆ ತಲೆನೋವು ತಂದದ್ದು ಗುಣಾಕಾರ ಅಲ್ಲ. ಗುಣಿಸಬೇಕಾದ ಸಂಖ್ಯೆಯನ್ನು ಹೊತ್ತಿಗೆ ಸರಿಯಾಗಿ ತಂದುಕೊಡುವುದು.

ಲ್ಯಾಬಿನಲ್ಲಿ ಪಕ್ಕದ ಮೇಜಿನ ಗೆಳತಿ ಕನ್ನಡದಲ್ಲಿ ಭಾವ ತುಂಬಿ ಮಾತಾಡುವ ಧ್ವನಿ ಮಾಡುತ್ತಿದ್ದಳು. ಅವಳು ಬಳಸಿದ, ಧ್ವನಿ ಹುಟ್ಟಿಸುವ ಹೈಫೈ-ಗ್ಯಾನ್ ಮಾಡೆಲ್ ಹೆಚ್ಚುಕಡಿಮೆ ಪೂರ್ತಿ ಕನ್ವಲ್ಯೂಷನ್, ಅಂದರೆ ಅಕ್ಕಪಕ್ಕದ ಸಂಖ್ಯೆಗಳ ಮೇಲೆ ನಡೆಯುವ ಲೆಕ್ಕ. ಮೆಮೊರಿಯನ್ನು ಸಾಲಾಗಿ ಓದಿಕೊಂಡು ಹೋದರಾಯಿತು. ಗ್ರಾಫ್‌ನಲ್ಲಿ ಹಾಗಲ್ಲ. ಒಂದು ನೋಡ್‌ನ (ಗ್ರಾಫ್‌ನ ಒಂದು ಬಿಂದು) ಒಬ್ಬ ನೆರೆಯವ, ಅಂದರೆ ಅದಕ್ಕೆ ಕೊಂಡಿ ಇರುವ ನೋಡ್, 12ನೇ ಸಾಲಿನಲ್ಲಿದ್ದರೆ ಇನ್ನೊಬ್ಬ 2,600ನೇ ಸಾಲಿನಲ್ಲಿ.

ನನ್ನ ಹತ್ತಿರ ಇದ್ದದ್ದು ಪಿಂಕ್-ಜಡ್2 ಬೋರ್ಡ್. 220 ಡಿಎಸ್‌ಪಿ (ಗುಣಾಕಾರ ಮಾಡುವ ಘಟಕ), ಚಿಪ್ ಒಳಗೆ 630 ಕೆಬಿ ಬ್ಲಾಕ್ ರ‍್ಯಾಮ್, ಹೊರಗೆ 512 ಎಂಬಿ ಡಿಡಿಆರ್ ಮೆಮೊರಿ. ಡೇಟಾ ಕೋರಾ: 2,708 ಸಂಶೋಧನಾ ಲೇಖನಗಳು (ಒಂದೊಂದೂ ಒಂದು ನೋಡ್; ಒಂದು ಇನ್ನೊಂದನ್ನು ಉಲ್ಲೇಖಿಸಿದರೆ ನಡುವಿನ ಕೊಂಡಿಯೇ ಎಡ್ಜ್), ಒಂದೊಂದಕ್ಕೂ 1,433 ಪದಗಳಲ್ಲಿ ಯಾವುದು ಇದೆ, ಯಾವುದು ಇಲ್ಲ ಅನ್ನುವ ಪಟ್ಟಿ. ಮಾಡೆಲ್ ಸಂಶೋಧಕರಾದ ಕಿಪ್ಫ್ ಮತ್ತು ವೆಲಿಂಗ್ ಅವರ ಎರಡು ಪದರದ ಜಿಸಿಎನ್ (ನೆರೆಯವರ ಮೌಲ್ಯ ಕೂಡಿಸಿ ಕಲಿಯುವ ಗ್ರಾಫ್ ನೆಟ್‌ವರ್ಕ್), ನಡುವೆ 16 ಯೂನಿಟ್.

ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದೆ. ನೆರೆಯವರ ಮೌಲ್ಯ ಮೊದಲು ಕೂಡಿಸಿ ಆಮೇಲೆ ತೂಕದಿಂದ (ಮಾಡೆಲ್ ಕಲಿತ ಸಂಖ್ಯೆಗಳಿಂದ) ಗುಣಿಸಬಹುದು, ಇಲ್ಲಾ ಮೊದಲು ಗುಣಿಸಿ ಆಮೇಲೆ ಕೂಡಿಸಬಹುದು. ಉತ್ತರ ಒಂದೇ. ಎರಡೂ ದಿಕ್ಕು ಎಣಿಸಿ, ಪ್ರತಿ ನೋಡ್‌ಗೆ ತನ್ನೊಂದಿಗೇ ಇರುವ ಕೊಂಡಿಯನ್ನೂ ಸೇರಿಸಿದರೆ ಎಡ್ಜ್ 13,264. ಸೊನ್ನೆಗಳನ್ನೂ ಬಿಡದೆ ಎಣಿಸಿದರೆ, ಮೊದಲು ಕೂಡಿಸುವ ದಾರಿಯಲ್ಲಿ ಕೂಡಿಸುವುದಕ್ಕೇ ಸುಮಾರು 1.9 ಕೋಟಿ ಲೆಕ್ಕ. ಮೊದಲು ಗುಣಿಸಿದರೆ ಒಂದೊಂದು ನೋಡ್ 16 ಸಂಖ್ಯೆಗೆ ಇಳಿಯುತ್ತದೆ, ಕೂಡಿಸುವುದು 2.1 ಲಕ್ಷಕ್ಕೆ ಮುಗಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, 16 ಬಿಟ್‌ನಲ್ಲಿ ಇಟ್ಟರೆ ಆ ಕೋಷ್ಟಕ ಸುಮಾರು 85 ಕೆಬಿ. ಚಿಪ್ ಒಳಗೇ ಕೂರುತ್ತದೆ! ನೆರೆಯವರು ಎಲ್ಲಿದ್ದರೂ ಡಿಡಿಆರ್ ಬಾಗಿಲು ತಟ್ಟಬೇಕಿಲ್ಲ.

ಆ 16 ಬಿಟ್‌ಗೆ ಫಿಕ್ಸೆಡ್ ಪಾಯಿಂಟ್ (ಬಿಂದು ಒಂದೇ ಜಾಗದಲ್ಲಿ ನಿಲ್ಲುವ ಸಂಖ್ಯೆ) ಆರಿಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಎಚ್‌ಎಲ್‌ಎಸ್‌ನಲ್ಲಿ (ಸಿ ಕೋಡಿನಿಂದ ಸರ್ಕ್ಯೂಟ್ ಹುಟ್ಟಿಸುವ ವಿಧಾನ) ಫ್ಲೋಟ್, ಅಂದರೆ ಬಿಂದು ಜರುಗುವ ಸಂಖ್ಯೆ, ಕೂಡಿಸಲು ಹಲವು ಕ್ಲಾಕ್ (ಚಿಪ್‌ನ ಮಿಡಿತ) ಬೇಕು. ಹಿಂದಿನ ಮೊತ್ತ ಬರುವವರೆಗೆ ಮುಂದಿನ ಎಡ್ಜ್ ಕಾಯಬೇಕು. ಪೂರ್ಣಾಂಕದ ಹಾಗೆ ಕೂಡಿಸಿದರೆ ಒಂದೇ ಕ್ಲಾಕ್, ಪೈಪ್‌ಲೈನ್ ನಿಲ್ಲುವುದಿಲ್ಲ.

ಬ್ಲಾಕ್ ರ‍್ಯಾಮ್‌ಗೆ ಎರಡು ಪೋರ್ಟ್ ಇರುತ್ತವೆ, ಅಂದರೆ ಒಂದೇ ಸಲಕ್ಕೆ ಎರಡು ಕಡೆ ಓದಬಹುದು. ಕೋಷ್ಟಕದ ಎರಡು ಪ್ರತಿ ಇಟ್ಟು ನಾಲ್ಕು ಎಂಜಿನ್ (ಲೆಕ್ಕ ಮಾಡುವ ಸರ್ಕ್ಯೂಟ್) ಓಡಿಸಿದೆ. ಒಂದೊಂದರಲ್ಲಿ 16 ಗುಣಾಕಾರ, ಒಟ್ಟು 64 ಡಿಎಸ್‌ಪಿ. ಈ ಹಂತದಲ್ಲಿ ಉಳಿದ 156 ಸುಮ್ನೆ ಕೂತಿರುತ್ತವೆ.

ಈ ನಾಲ್ಕಕ್ಕೆ ಕೆಲಸ ಹಂಚುವುದೇ ನಿಜವಾದ ಸವಾಲು. ಕೋರಾದಲ್ಲಿ ಸರಾಸರಿ ನೋಡ್‌ಗೆ ನಾಲ್ಕು ನೆರೆಯವರೂ ಇಲ್ಲ, ಆದರೆ ಒಂದಕ್ಕೆ ಮಾತ್ರ 168. ಎಂಜಿನ್‌ಗೆ ಒಂದೊಂದು ನೋಡ್ ಅಂತ ಕೊಟ್ಟರೆ ಮದುವೆ ಊಟದ ಪಂಕ್ತಿಯ ಕಥೆಯೇ: ಒಬ್ಬರು ಏಳುವವರೆಗೆ ಮುಂದಿನ ಪಂಕ್ತಿ ಕೂರುವಂತಿಲ್ಲ. ಹಾಗಾಗಿ ನೋಡ್ ಲೆಕ್ಕ ಬಿಟ್ಟು ಎಡ್ಜ್ ಲೆಕ್ಕದಲ್ಲಿ ಹಂಚಿದೆ. ಎಂಜಿನ್‌ಗೆ 3,316. ಗಡಿಯಲ್ಲಿ ಎರಡು ಭಾಗವಾದ ನೋಡ್‌ನ ಅರ್ಧ ಮೊತ್ತಗಳನ್ನು ಕೊನೆಗೆ ಸೇರಿಸಲು ಚಿಕ್ಕ ಲೂಪ್ ಒಂದು ಬೇಕಾಯಿತು, ಅಷ್ಟೇ.

ಸಮಯ ಅಳೆಯುವಾಗ ಡಿಎಂಎ ಸಾಗಾಟವನ್ನೂ (ಡೇಟಾ ಮೆಮೊರಿಯಿಂದ ಸರ್ಕ್ಯೂಟ್‌ಗೆ ಹೋಗಿಬರುವುದು) ಸೇರಿಸಿಯೇ ಅಳೆದೆ. ಸಿಪಿಯುಗಿಂತ ಇಷ್ಟು ಪಟ್ಟು ವೇಗ ಅಂತ ಯಾರಾದರೂ ತೋರಿಸಿದರೆ ನಾನು ಮೊದಲು ಹುಡುಕುವುದೂ ಅದನ್ನೇ. ಸಾಗಾಟ ಬಿಟ್ಟು ಅಳೆದರೆ ಯಾವ ಬೋರ್ಡ್ ಆದರೂ ಗೆಲ್ಲುತ್ತದೆ, ಅಲ್ವಾ?

ಈಗ ರೆಡ್ಡಿಟ್ ತಾಣದ ಪೋಸ್ಟ್‌ಗಳ ಗ್ರಾಫ್ ಹಿಡಿದಿದ್ದೇನೆ. 2,32,965 ನೋಡ್, 11 ಕೋಟಿಗೂ ಜಾಸ್ತಿ ಎಡ್ಜ್. ಎಡ್ಜ್ ಪಟ್ಟಿಯೊಂದೇ 450 ಎಂಬಿ ದಾಟುತ್ತದೆ. ಫೀಚರ್‌ಗಳನ್ನೂ (ಒಂದೊಂದು ನೋಡ್‌ನ ಸಂಖ್ಯೆಗಳ ಪಟ್ಟಿ) ಸೇರಿಸಿದರೆ ಡಿಡಿಆರ್‌ಗೂ ಹಿಡಿಸದು. ಗ್ರಾಫನ್ನೇ ತುಂಡು ಮಾಡಿ ಬೋರ್ಡ್‌ಗೆ ಕಳಿಸುತ್ತಿದ್ದೇನೆ. ಒಂದು ತುಂಡು ಓಡುತ್ತಿರುವಾಗಲೇ ಮುಂದಿನದು ಒಳಗೆ ಬರುವಂತೆ ಎರಡು ಬಫರ್ ಇಟ್ಟಿದ್ದೇನೆ. ತುಂಡಿನ ಗಾತ್ರ ಎಷ್ಟಿರಬೇಕು ಅನ್ನುವುದನ್ನು ಸದ್ಯಕ್ಕೆ ಓಡಿಸಿ ನೋಡಿಯೇ ಆರಿಸುತ್ತಿದ್ದೇನೆ.