ಹಡಗು ಸೇಲಿಂಗ್‌ಗೆ ಹೋದಾಗ

ನೌಕಾಪಡೆಯವರ ಹೆಂಡತಿ ಎಂದೊಡನೆ ಊರಿನವರ ಕಣ್ಣಿಗೆ ಬರುವುದು ಬಿಳಿ ಸಮವಸ್ತ್ರ, ಸಮುದ್ರದ ಗಾಳಿ, ಕ್ಯಾಂಟೀನಿನ ಅಗ್ಗದ ಸಾಮಾನು. ನನಗೆ ಮೊದಲು ನೆನಪಾಗುವುದು ದಾರ ಕಟ್ಟಿದ ಒಂದು ಕಡತ. ನನ್ನ ಗಂಡ ಹಡಗಿನ ಎಂಜಿನ್ ವಿಭಾಗದ ನಾವಿಕರು. ಮುಂಬೈ, ವಿಶಾಖಪಟ್ಟಣ, ಕಾರವಾರ, ಎಲ್ಲಿ ಮನೆ ಹೂಡಿದರೂ ಆ ಕಡತ ನನ್ನ ತಲೆದೆಸೆಯ ಕಪಾಟಿನಲ್ಲೇ ಇರುತ್ತಿತ್ತು.

ಹಡಗು ಎಲ್ಲಿಗೆ ಹೋಗುತ್ತದೆ, ಯಾವಾಗ ಮರಳುತ್ತದೆ ಎಂದು ಅವರು ಮನೆಯಲ್ಲಿ ಹೇಳುವಂತಿಲ್ಲ. ಕೇಳುವುದನ್ನು ನಾನೂ ಬೇಗ ಬಿಟ್ಟೆ. ಕೇಳುತ್ತಿದ್ದುದೇ ಬೇರೆ: ಬ್ಯಾಂಕ್ ಖಾತೆ ಇಬ್ಬರ ಹೆಸರಿನಲ್ಲಿದೆಯೇ, ಸೇವಾ ದಾಖಲೆಯಲ್ಲಿ ಎರಡನೆಯ ಮಗುವಿನ ಹೆಸರು ಸೇರಿದೆಯೇ, ವಿಮೆಗೆ ನಾಮಿನಿ ಯಾರು, ಊರಿನ ಜಮೀನಿನ ಪಹಣಿ ಯಾರ ಬಳಿ ಇದೆ. ‘ಹೊರಡುವ ಹೊತ್ತಿನಲ್ಲಿ ನಾಮಿನಿ ಗೀಮಿನಿ ಎನ್ನಬೇಡಮ್ಮ, ಒಳ್ಳೆಯ ಮಾತಾಡು’ ಎಂದು ಅತ್ತೆ ಗದರಿಸುತ್ತಿದ್ದರು. ಆ ಪ್ರಶ್ನೆಯನ್ನು ಗ್ಯಾಸ್ ಪುಸ್ತಕ ಎಲ್ಲಿದೆ ಎಂದು ಕೇಳುವ ದನಿಯಲ್ಲೇ ಕೇಳಿಬಿಡಬೇಕು. ಅಪಶಕುನದ ಭಯಕ್ಕೆ ಕೇಳದೆ ಉಳಿದವರು ಮುಂದೆ ಕಚೇರಿಯಿಂದ ಕಚೇರಿಗೆ ಅಲೆದದ್ದನ್ನು ಕಂಡಿದ್ದೇನೆ.

ಪತ್ರಗಳ ಮೇಲೆ ಹಡಗಿನ ಹೆಸರು, ಅದರ ಕೆಳಗೆ ‘ಫ್ಲೀಟ್ ಮೇಲ್ ಆಫೀಸ್, ಮುಂಬೈ’ ಎಂದು ಬರೆದರೆ ಸಾಕು, ಹಡಗು ಎಲ್ಲಿದ್ದರೂ ಅವರೇ ತಲುಪಿಸುತ್ತಾರೆ. ಎಷ್ಟೋ ಸಲ ಕಟ್ಟುಗಟ್ಟಲೆ ಒಟ್ಟಿಗೆ ಸಿಗುತ್ತವೆ, ಅದೂ ಹಿಂದುಮುಂದಾಗಿ. ಹಾಗಾಗಿ ಪ್ರತಿ ಲಕೋಟೆಯ ಮೂಲೆಯಲ್ಲಿ ಕ್ರಮಸಂಖ್ಯೆ ಹಾಕುತ್ತಿದ್ದೆ. ಇನ್ನೊಂದು ನಿಯಮವೂ ಇತ್ತು: ಮಗುವಿಗೆ ಜ್ವರ ಬಂದರೆ, ಇಳಿದ ಮೇಲೆಯೇ ಬರೆಯುವುದು. ನಡುಸಮುದ್ರದಲ್ಲಿ ಕುಳಿತವರು ಅರ್ಧ ಸುದ್ದಿಯನ್ನು ಇಟ್ಟುಕೊಂಡು ಏನು ಮಾಡಿಯಾರು? ಮುಂದೆ ಮೊಬೈಲ್ ಬಂದಿತು, ಬಂದರು ತಲುಪಿದಾಗ ಕರೆ ಬರತೊಡಗಿತು. ನಿಯಮವನ್ನು ಮಾತ್ರ ನಾನು ಬದಲಿಸಲಿಲ್ಲ.

ಹೋಗುವುದಕ್ಕಿಂತ ಬರುವುದು ಕಷ್ಟ ಎಂದರೆ ಹೊಸದಾಗಿ ಮದುವೆಯಾದವರು ನಗುತ್ತಾರೆ. ತಿಂಗಳುಗಟ್ಟಲೆ ಅಪ್ಪನಿಲ್ಲದೆ ನಡೆದ ಮನೆಗೆ ಅದರದೇ ವೇಳಾಪಟ್ಟಿ ಕೂಡಿಬಂದಿರುತ್ತದೆ. ಬಂದವರು ಅಡುಗೆಮನೆಯ ಡಬ್ಬಿಗಳನ್ನು ಹಡಗಿನ ಶಿಸ್ತಿನಲ್ಲಿ ಜೋಡಿಸಲು ನಿಲ್ಲುತ್ತಾರೆ. ಮಗ ಶಾಲೆಯ ಕಾಗದಕ್ಕೆ ಸಹಿ ಬೇಕಾದರೆ ಅವರನ್ನು ದಾಟಿಕೊಂಡು ನನ್ನ ಬಳಿ ಬರುತ್ತಾನೆ. ಅದನ್ನು ನೋಡಿ ಅವರ ಮುಖ ಬಾಡುತ್ತದೆ. ಆ ಮೊದಲ ದಿನಗಳಲ್ಲಿ ದೊಡ್ಡ ತೀರ್ಮಾನಗಳನ್ನೆಲ್ಲ ಮುಂದೂಡಿ, ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಕೆಲಸವನ್ನಷ್ಟೇ ಅವರಿಗೆ ವಹಿಸುತ್ತಿದ್ದೆ. ದಾರಿಯಲ್ಲಿ ಮಾತು ತಾನಾಗಿ ಹುಟ್ಟುತ್ತಿತ್ತು.

2013ರ ಆಗಸ್ಟ್ 14ರಂದು ಮುಂಬೈನ ನೌಕಾ ಹಡಗುಕಟ್ಟೆಯಲ್ಲಿ ಸಿಂಧುರಕ್ಷಕ್ ಜಲಾಂತರ್ಗಾಮಿ ಸ್ಫೋಟಗೊಂಡು 18 ಮಂದಿ ತೀರಿಕೊಂಡರು. ಅಂದಿನಿಂದ ನಮ್ಮ ಕಟ್ಟಡದ ಹೆಂಗಸರು ಒಂದು ಮಾತಿಗೆ ಬಂದೆವು: ಅಧಿಕೃತವಾಗಿ ತಿಳಿಯುವವರೆಗೆ ಯಾರೂ ಯಾರ ಹೆಸರನ್ನೂ ಬಾಯಿಗೆ ತರಬಾರದು, ಫೋನಿನಲ್ಲಿ ಊಹೆ ಹಂಚಬಾರದು.

ಮುಂದಿನ ವರ್ಷ ನಾವು ವಿಶಾಖಪಟ್ಟಣದಲ್ಲಿದ್ದೆವು. ಚಂಡಮಾರುತ ಬರುತ್ತದೆ ಎಂದರೆ ಉಳಿದವರ ಮನೆಯ ಗಂಡಸರು ಮನೆ ಸೇರುತ್ತಾರೆ, ನಮ್ಮವರು ಹೊರಡುತ್ತಾರೆ. ಕಟ್ಟೆಗೆ ಕಟ್ಟಿದ ಹಡಗು ಬಿರುಗಾಳಿಗೆ ಕಟ್ಟೆಗೇ ಬಡಿದು ಹಾಳಾಗುತ್ತದೆ. ತೆರೆದ ಸಮುದ್ರದಲ್ಲಿ, ಗಾಳಿಯ ದಾರಿಯಿಂದ ದೂರ ಇರುವುದೇ ಅದಕ್ಕೆ ಕ್ಷೇಮ. ಹೀಗಾಗಿ 2014ರ ಅಕ್ಟೋಬರ್ 12ರ ಭಾನುವಾರ ಹುಡ್‌ಹುಡ್ ಅಪ್ಪಳಿಸಿದಾಗ ನಮ್ಮ ಕ್ವಾರ್ಟರ್ಸ್‌ನಲ್ಲಿದ್ದವರು ಬಹುಪಾಲು ಹೆಂಗಸರು, ಮಕ್ಕಳು, ಊರಿನಿಂದ ಬಂದ ಮುದುಕರು.

ನಮ್ಮ ಬಳಿ ಒಂದು ಪಟ್ಟಿಯಿತ್ತು. ಯಾವ ಮನೆಯಲ್ಲಿ ಬಸುರಿ, ಎಲ್ಲಿ ಹಸುಗೂಸು, ಯಾರ ಮಾವನವರಿಗೆ ಇನ್ಸುಲಿನ್, ಯಾರ ಮನೆಯ ಕಿಟಕಿ ಸಮುದ್ರದ ಕಡೆಗೆ. ಹೆಂಗಸರ ಸಭೆಗಳಲ್ಲಿ ತಂಬೋಲ, ಹೂವಿನ ಅಲಂಕಾರ, ಗಂಡಂದಿರ ಹುದ್ದೆಗೆ ತಕ್ಕ ಹಾಗೆ ಮುಂದಿನ ಸಾಲು, ಹಿಂದಿನ ಸಾಲು ಇದ್ದುದನ್ನು ಕಂಡು ನಾನು ಎಷ್ಟೋ ಬಾರಿ ಸಿಡುಕಿದವಳು. ಆದರೂ ಯಾವ ಬಾಗಿಲನ್ನು ಮೊದಲು ತಟ್ಟಬೇಕೆಂದು ತಿಳಿದದ್ದು ಅಲ್ಲಿನ ಹರಟೆಯಿಂದಲೇ. ಹಿಂದಿನ ರಾತ್ರಿಯೇ ಬಕೆಟ್ಟು, ಹಂಡೆ, ಕುಕ್ಕರ್ ಸಹಿತ ಎಲ್ಲದರಲ್ಲೂ ನೀರು ತುಂಬಿಸಿ, ಸಮುದ್ರದ ಕಡೆಯ ಮನೆಯವರನ್ನು ಹಿಂಬದಿಯ ಮನೆಗಳಿಗೆ ಸೇರಿಸಿದೆವು.

ಬೆಳಗ್ಗೆ ಗಾಜುಗಳು ಒಡೆಯತೊಡಗಿದವು. ಗಂಟೆಗೆ 180 ಕಿಲೋಮೀಟರ್ ಆಸುಪಾಸಿನ ಗಾಳಿ ಹೇಗಿರುತ್ತದೆ ಎಂದರೆ, ಪಕ್ಕದಲ್ಲಿ ಕುಳಿತ ಮಗು ಅಳುತ್ತಿರುವುದು ಅದರ ಬಾಯಿ ನೋಡಿದರೆ ಮಾತ್ರ ತಿಳಿಯುತ್ತದೆ. ಆಮೇಲೆ ಗಾಳಿ ಇದ್ದಕ್ಕಿದ್ದಂತೆ ನಿಂತಿತು. ಮುಗಿಯಿತೆಂದು ಕೆಲವರು ಚಪ್ಪಲಿ ಮೆಟ್ಟಿದರು. ಒಡಿಶಾದವಳಾದ ಎದುರುಮನೆಯಾಕೆ ಬಾಗಿಲಿಗೆ ಅಡ್ಡ ನಿಂತಳು. 1999ರ ಚಂಡಮಾರುತವನ್ನು ಕಂಡವಳು ಅವಳು. ‘ಇದು ನಡುವಿನ ಕಣ್ಣು. ಇನ್ನೊಂದು ದಿಕ್ಕಿನಿಂದ ಬರುತ್ತದೆ, ಯಾರೂ ಹೋಗಬೇಡಿ’ ಎಂದಳು. ಬಂದೇ ಬಂದಿತು.

ಆಮೇಲಿನ ದಿನಗಳು ನಿಜವಾದ ದುಡಿಮೆಯವು. ವಿದ್ಯುತ್ ಇಲ್ಲ, ಫೋನ್ ಸತ್ತಿದೆ, ಮರಗಳು ರಸ್ತೆಗೆ ಅಡ್ಡ ಬಿದ್ದಿವೆ. ಫ್ರಿಜ್ಜಿನಲ್ಲಿ ಇದ್ದುದನ್ನೆಲ್ಲ ಮೊದಲು ಬೇಯಿಸಿ, ಅಕ್ಕಿ ಬೇಳೆಯನ್ನು ಒಟ್ಟುಗೂಡಿಸಿ, ಎರಡೇ ಒಲೆಯಲ್ಲಿ ಎಲ್ಲರಿಗೂ ಅಡುಗೆ. ಹಾಲನ್ನು ಕೂಸುಗಳಿಗೆ ಮಾತ್ರ ಇಟ್ಟೆವು. ಅದಕ್ಕೆ ಒಂದಿಬ್ಬರು ಮುನಿಸಿಕೊಂಡರು, ಮುನಿಸಿಕೊಳ್ಳಲಿ ಎಂದು ಬಿಟ್ಟೆ.

ಕಾರವಾರಕ್ಕೆ ವರ್ಗವಾದಾಗ ಕನ್ನಡ ಬಲ್ಲ ನಾನು ಅರ್ಧ ಕಾಲನಿಗೆ ದುಭಾಷಿಯಾದೆ. ಹರಿಯಾಣ, ಬಿಹಾರ, ಕೇರಳದ ಹೆಂಗಸರಿಗೆ ಮಧ್ಯಾಹ್ನದ ಹೊತ್ತು ಕನ್ನಡ ಕಲಿಸತೊಡಗಿದೆ. ಅಕ್ಷರಮಾಲೆಗೆ ಕೈಹಾಕಲಿಲ್ಲ. ‘ಮಗುವಿಗೆ ನಿನ್ನೆಯಿಂದ ವಾಂತಿ’, ‘ಈ ಬಸ್ ಅಂಕೋಲಾಕ್ಕೆ ಹೋಗುತ್ತದೆಯೇ’ ಎಂಬಂಥ ವಾಕ್ಯಗಳಿಂದ ಆರಂಭ. ಮೀನಿನ ಪೇಟೆಗೆ ಕರೆದೊಯ್ದರೆ ಅಲ್ಲಿ ಕೊಂಕಣಿಯದೇ ಕಾರುಬಾರು. ಬಯಲುಸೀಮೆಯ ನನ್ನ ಕನ್ನಡವೂ ತಡವರಿಸಿತು, ನನ್ನ ಶಿಷ್ಯೆಯರು ಮನಸಾರೆ ನಕ್ಕರು.

ಕಾರವಾರದ ಐಎನ್‌ಎಸ್ ಕದಂಬ 2005ರಲ್ಲಿ ಕಾರ್ಯಾರಂಭ ಮಾಡಿದ ನೌಕಾನೆಲೆ. ಅದಕ್ಕಾಗಿ ಸೀಬರ್ಡ್ ಯೋಜನೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ದಡ ಬಿಟ್ಟುಕೊಟ್ಟವು. ಮೀನು ಮಾರುವ ಒಬ್ಬ ಅಜ್ಜಿ ‘ನೀವು ಇರುವ ಕಡೆಯೇ ನಮ್ಮ ತೆಂಗಿನ ತೋಟ ಇದ್ದದ್ದು’ ಎಂದು ಸುಮ್ಮನೆ ಹೇಳಿ ಬಂಗುಡೆ ತೂಗಿಕೊಟ್ಟಳು. ಅಂಥ ಊರಿನಲ್ಲಿ ಹಳೆಯ ಬಟ್ಟೆ ಹಂಚುವ ಕಾರ್ಯಕ್ರಮ ಮಾಡೋಣ ಎಂಬ ಸಲಹೆ ಬಂದಾಗ ನಾನು ಒಪ್ಪಲಿಲ್ಲ. ಅವರ ನೆಲದ ಮೇಲೆ ನಿಂತು ಅವರಿಗೇ ನಮ್ಮ ಹಳೆಯ ಬಟ್ಟೆ ಕೊಡುವುದೇ? ಅಲ್ಲಿನ ಮಕ್ಕಳಿಗೆ ಎಸ್ಎಸ್ಎಲ್‌ಸಿಯಲ್ಲಿ ಹಿಂದಿ ತೊಡಕಾಗಿತ್ತು, ನಮ್ಮ ಹರಿಯಾಣದಾಕೆಗೆ ಹಿಂದಿ ಕಲಿಸುವ ಹುಮ್ಮಸ್ಸು ಇತ್ತು. ಹೀಗೆ ಹಿಂದಿ ತರಗತಿ ಶುರುವಾಯಿತು. ಆ ಮಕ್ಕಳ ತಾಯಂದಿರು ನಮಗೆ ಪೇಟೆಯ ಕೊಂಕಣಿ ಕಲಿಸಿದರು, ಹಳಸಿದ ಮೀನನ್ನು ಕಿವಿರು ನೋಡಿ ಗುರುತಿಸುವುದನ್ನೂ. ಹರಿಯಾಣದಾಕೆಗೆ ವರ್ಗವಾಗುವ ಮೊದಲೇ ಬಿಹಾರದ ಇನ್ನೊಬ್ಬಳನ್ನು ಪಕ್ಕದಲ್ಲಿ ಕೂರಿಸಿ ತಯಾರು ಮಾಡಿದೆವು, ಏಕೆಂದರೆ ನಮ್ಮಲ್ಲಿ ಯಾರು ಎಷ್ಟು ಕಾಲ ಇರುತ್ತಾರೆಂದು ಹೇಳಲಾಗದು. ನಾವು ಕಾರವಾರ ಬಿಟ್ಟಾಗ ತರಗತಿ ಆ ಬಿಹಾರದವಳ ಕೈಯಲ್ಲಿತ್ತು, ಮಂಗಳವಾರ ಮತ್ತು ಶುಕ್ರವಾರ.