ಹೈಬ್ರಿಡ್ ಕಾರಿನ ಎಸಿ ದುರಸ್ತಿಗೆ ತಕ್ಕ ಮೆಕ್ಯಾನಿಕ್ಕನ್ನು ಹುಡುಕುವ ಬಗೆ

ಹೈಬ್ರಿಡ್ ಕಾರಿನ ಎಸಿ ತಂಪು ಕೊಡುವುದನ್ನು ನಿಲ್ಲಿಸಿದರೆ, ಪಕ್ಕದ ಬೀದಿಯ ಗ್ಯಾರೇಜಿಗೆ ಒಯ್ದು ಗ್ಯಾಸ್ ತುಂಬಿಸಿಕೊಂಡು ಬರುವ ಆಲೋಚನೆಯನ್ನು ದಯವಿಟ್ಟು ಒಂದು ದಿನದ ಮಟ್ಟಿಗೆ ತಡೆಹಿಡಿಯಿರಿ. ಪೆಟ್ರೋಲ್, ಡೀಸೆಲ್ ಕಾರುಗಳ ಎಸಿಯನ್ನು ಇಪ್ಪತ್ತು ವರ್ಷಗಳಿಂದ ಸರಿಪಡಿಸುತ್ತಿರುವ ನುರಿತ ಕೆಲಸಗಾರನೂ ಹೈಬ್ರಿಡ್ ಕಾರಿನ ಮಟ್ಟಿಗೆ ಹೊಸಬನಾಗಿರಬಹುದು; ಅವನ ಅನುಭವದಲ್ಲಿ ಎಂದೂ ತೊಂದರೆ ಕೊಡದ ಒಂದು ಅಭ್ಯಾಸವೇ ಇಲ್ಲಿ ಎಸಿಯ ಗ್ಯಾಸನ್ನು ಒತ್ತಿ ಪೈಪುಗಳಲ್ಲಿ ಸುತ್ತಿಸುವ ಕಂಪ್ರೆಸರನ್ನು ಹಾಳುಮಾಡಬಲ್ಲದು.

ಮೊದಲು ನಿಮ್ಮ ಕಾರು ಯಾವ ಬಗೆಯ ಹೈಬ್ರಿಡ್ ಎಂಬುದನ್ನು ತಿಳಿದುಕೊಳ್ಳಬೇಕು. ಮಾರುತಿಯ ಎರ್ಟಿಗಾದಂತಹ ‘ಸ್ಮಾರ್ಟ್ ಹೈಬ್ರಿಡ್’ ಕಾರುಗಳಲ್ಲಿ ಎಸಿ ಕಂಪ್ರೆಸರ್ ಎಂದಿನಂತೆ ಎಂಜಿನ್ನಿನ ಬೆಲ್ಟ್‌ನಿಂದಲೇ ತಿರುಗುತ್ತದೆ. ಅಂತಹ ಕಾರನ್ನು ಒಳ್ಳೆಯ ಎಸಿ ಮೆಕ್ಯಾನಿಕ್ ಯಾರಾದರೂ ನೋಡಬಹುದು, ಈ ಲೇಖನದ ಉಳಿದ ಭಾಗ ಅದಕ್ಕೆ ಹೆಚ್ಚಾಗಿ ಅನ್ವಯಿಸುವುದಿಲ್ಲ. ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗುವ ಟೊಯೋಟಾ ಹೈರೈಡರ್ ಮತ್ತು ಇನ್ನೋವಾ ಹೈಕ್ರಾಸ್‌ಗಳ ಹೈಬ್ರಿಡ್ ಮಾದರಿಗಳು, ಮಾರುತಿಯ ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್ ಹಾಗೂ ಇನ್ವಿಕ್ಟೊ, ಹೋಂಡಾ ಸಿಟಿ ಇ:ಎಚ್‌ಇವಿ, ಟೊಯೋಟಾ ಕ್ಯಾಮ್ರಿ ಹೈಬ್ರಿಡ್ ಇಂತಹ ‘ಸ್ಟ್ರಾಂಗ್ ಹೈಬ್ರಿಡ್’ ಕಾರುಗಳ ಕಥೆ ಬೇರೆ. ಇವುಗಳಲ್ಲಿ ಕಂಪ್ರೆಸರಿಗೆ ತನ್ನದೇ ವಿದ್ಯುತ್ ಮೋಟಾರಿದ್ದು, ಅದು ದೊಡ್ಡ ಬ್ಯಾಟರಿಯ ಕರೆಂಟಿನಿಂದ ಓಡುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಎಂಜಿನ್ ಆರಿದ್ದರೂ ಎಸಿ ತಣ್ಣನೆಯ ಗಾಳಿಯನ್ನೇ ಕೊಡುತ್ತಿರುವುದು ಇದರಿಂದಾಗಿ. ಬಾನೆಟ್ ತೆರೆದು ನೋಡಿದರೆ ಕಂಪ್ರೆಸರಿಗೆ ಬೆಲ್ಟ್ ಇರುವುದಿಲ್ಲ, ಬದಲಿಗೆ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಹೋಗಿರುತ್ತದೆ. ಆ ಕೇಬಲ್ಲನ್ನು ನೋಡಬಹುದೇ ಹೊರತು ಮುಟ್ಟಬಾರದು. ವಾಹನಗಳಲ್ಲಿ 60 ವೋಲ್ಟ್ ದಾಟಿದ ಡಿಸಿ ವಿದ್ಯುತ್ತನ್ನೇ ಅಧಿಕ ವೋಲ್ಟೇಜ್ ಎಂದು ಪರಿಗಣಿಸಲಾಗುತ್ತದೆ, ಸ್ಟ್ರಾಂಗ್ ಹೈಬ್ರಿಡ್‌ನ ಕೇಬಲ್ಲಿನಲ್ಲಿ ಅದಕ್ಕಿಂತ ಬಹಳ ಹೆಚ್ಚು ಇರುತ್ತದೆ.

ವಿದ್ಯುತ್ತಿನ ಅಪಾಯ ಕಣ್ಣಿಗೆ ಕಾಣುವಂಥದ್ದು, ಆದ್ದರಿಂದ ಸಾಮಾನ್ಯವಾಗಿ ಎಲ್ಲರೂ ಎಚ್ಚರದಿಂದಿರುತ್ತಾರೆ. ಹೆಚ್ಚು ಕಾರುಗಳನ್ನು ಕೆಡಿಸುವುದು ಆಯಿಲ್ ಎಂಬುದು ನನ್ನ ಅಭಿಪ್ರಾಯ. ಎಸಿಯ ಗ್ಯಾಸಿನ ಜೊತೆಯಲ್ಲಿ ಕಂಪ್ರೆಸರನ್ನು ನಯವಾಗಿಡುವ ಆಯಿಲ್ ಕೂಡ ಪೈಪುಗಳಲ್ಲಿ ಸದಾ ಸುತ್ತುತ್ತಿರುತ್ತದೆ. ವಿದ್ಯುತ್ ಕಂಪ್ರೆಸರಿನಲ್ಲಿ ಮೋಟಾರಿನ ತಂತಿಸುರುಳಿಯು ಈ ಗ್ಯಾಸ್ ಮತ್ತು ಆಯಿಲ್‌ಗಳ ನಡುವೆಯೇ ಇರುವುದರಿಂದ, ಆ ಆಯಿಲ್ ವಿದ್ಯುತ್ತನ್ನು ಹರಿಯಗೊಡದಂಥದ್ದಾಗಿರಬೇಕು. ಅದಕ್ಕಾಗಿಯೇ ಪಿಒಇ ಎಂಬ ಬಗೆಯ ಆಯಿಲ್ ಬಳಸುತ್ತಾರೆ. ಡೆನ್ಸೊ ಕಂಪನಿಯ ಕಂಪ್ರೆಸರುಗಳಿಗೆ ಬಳಕೆಯಲ್ಲಿರುವುದು ಎನ್‌ಡಿ-ಆಯಿಲ್ 11. ಬೆಲ್ಟ್ ಕಂಪ್ರೆಸರಿನ ಕಾರುಗಳಿಗೆ ಹಾಕುವ ಪ್ಯಾಗ್ ಆಯಿಲ್ ತೇವವನ್ನು ಬೇಗ ಹೀರುತ್ತದೆ, ವಿದ್ಯುತ್ತನ್ನು ತಡೆಯುವ ಗುಣವೂ ಅದಕ್ಕೆ ಕಡಿಮೆ. ಅದು ಅಲ್ಪ ಪ್ರಮಾಣದಲ್ಲಿ ಬೆರೆತರೂ ಕಂಪ್ರೆಸರಿನಿಂದ ಕಾರಿನ ಲೋಹದ ಮೈಗೆ ವಿದ್ಯುತ್ ಸೋರಿಕೆ ಶುರುವಾಗಬಹುದು. ಹೈಬ್ರಿಡ್ ಕಂಪ್ಯೂಟರ್ ಅದನ್ನು ಪತ್ತೆಹಚ್ಚಿ ಎಚ್ಚರಿಕೆಯ ದೀಪ ಹೊತ್ತಿಸುತ್ತದೆ, ಕೆಲವೊಮ್ಮೆ ಒಮ್ಮೆ ಆಫ್ ಮಾಡಿದ ಕಾರು ಮತ್ತೆ ಸ್ಟಾರ್ಟ್ ಆಗುವುದೇ ಇಲ್ಲ. ಆಗ ಕಂಪ್ರೆಸರ್ ಮಾತ್ರವಲ್ಲದೆ, ಆ ಆಯಿಲ್ ಹರಿದಾಡಿದ ಕಂಡೆನ್ಸರ್ (ಗ್ಯಾಸಿನ ಶಾಖವನ್ನು ಹೊರಬಿಡುವ ಭಾಗ), ಕೂಲಿಂಗ್ ಕಾಯಿಲ್ ಮತ್ತು ಪೈಪುಗಳನ್ನೂ ಬದಲಿಸುವ ಪ್ರಸಂಗ ಬರುತ್ತದೆ.

ತಪ್ಪು ಆಯಿಲ್ಲನ್ನು ಯಾರೂ ಬೇಕೆಂದೇ ಸುರಿಯುವುದಿಲ್ಲ. ದಿನವಿಡೀ ಬೇರೆ ಕಾರುಗಳಿಗೆ ಬಳಸಿದ ಗ್ಯಾಸ್ ಯಂತ್ರದ ಪೈಪಿನಲ್ಲಿ ಉಳಿದ ಪ್ಯಾಗ್ ಆಯಿಲ್, ಸೋರಿಕೆ ಹುಡುಕಲು ಬಿಡುವ ಬಣ್ಣದ ದ್ರವದಲ್ಲಿ ಬೆರೆತಿರುವ ಆಯಿಲ್, ಗ್ಯಾಸಿನ ಜೊತೆಗೇ ಆಯಿಲ್ ಬೆರೆಸಿ ಮಾರುವ ಸಣ್ಣ ಡಬ್ಬಿ ಇವುಗಳ ಮೂಲಕ ಅದು ಒಳಗೆ ಸೇರುತ್ತದೆ. ಆದ್ದರಿಂದ ಮೆಕ್ಯಾನಿಕ್ಕಿನ ಒಳ್ಳೆಯತನವನ್ನು ನೋಡಿದರಷ್ಟೇ ಸಾಲದು, ಅವನ ಸಲಕರಣೆಗಳನ್ನೂ ವಿಚಾರಿಸಬೇಕು.

ಫೋನ್ ಮಾಡುವ ಮೊದಲು ಬಾನೆಟ್ಟಿನ ಕೆಳಗೆ ಅಂಟಿಸಿರುವ ಎಸಿ ಲೇಬಲ್ಲಿನ ಫೋಟೊ ತೆಗೆದುಕೊಳ್ಳಿ. ಗ್ಯಾಸ್ ಆರ್-134ಎ ಆಗಿದೆಯೇ ಅಥವಾ ಆರ್-1234ವೈಎಫ್ ಆಗಿದೆಯೇ ಮತ್ತು ಎಷ್ಟು ಗ್ರಾಂ ತುಂಬಬೇಕು ಎಂಬುದು ಅದರಲ್ಲಿರುತ್ತದೆ. ಹಲವು ಕಾರುಗಳಲ್ಲಿ ಆಯಿಲ್ಲಿನ ಹೆಸರನ್ನೂ ಮುದ್ರಿಸಿರುತ್ತಾರೆ.

ವಾರಂಟಿ ಇನ್ನೂ ಇದ್ದರೆ ಯೋಚಿಸುವ ಅಗತ್ಯವಿಲ್ಲ, ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಿ. ಹೊರಗೆ ಬಿಚ್ಚಿಸಿದ ಭಾಗಕ್ಕೆ ಮುಂದೆ ವಾರಂಟಿ ಕೇಳುವುದು ಕಷ್ಟವಾಗುತ್ತದೆ. ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ಸರಿಪಡಿಸುತ್ತೇನೆ: ಟೊಯೋಟಾ ಮತ್ತು ಹೋಂಡಾ ಹೈಬ್ರಿಡ್‌ಗಳಿಗೆ ಹೇಳುವ 8 ವರ್ಷ ಅಥವಾ 1,60,000 ಕಿಲೋಮೀಟರಿನ ವಾರಂಟಿ ಬ್ಯಾಟರಿಗೆ ಸಂಬಂಧಿಸಿದ್ದು, ಎಸಿ ಕಂಪ್ರೆಸರಿಗಲ್ಲ. ಸರ್ವಿಸ್ ಸೆಂಟರಿನಲ್ಲಿ ಕೂಡ ಎಲ್ಲ ಕೆಲಸಗಾರರಿಗೂ ಹೈಬ್ರಿಡ್ ತರಬೇತಿ ಆಗಿರುವುದಿಲ್ಲ. ಆದ್ದರಿಂದ ಸರ್ವಿಸ್ ಅಡ್ವೈಸರ್ ಬಳಿ, ‘ಹೈಬ್ರಿಡ್ ತರಬೇತಿ ಪಡೆದ ಟೆಕ್ನೀಷಿಯನ್ ಯಾವ ದಿನ ಇರುತ್ತಾರೆ? ನನ್ನ ಕಾರನ್ನು ಅಂದೇ ತರುತ್ತೇನೆ’ ಎಂದು ನೇರವಾಗಿ ಕೇಳಿ. ಜಿಲ್ಲಾ ಕೇಂದ್ರದ ಶೋರೂಮುಗಳಲ್ಲಿ ಈ ಪ್ರಶ್ನೆ ಇನ್ನಷ್ಟು ಮುಖ್ಯ. ದೂರದಿಂದ ಬಂದವರು ಕಾರನ್ನು ಬಿಟ್ಟು ಕಾಯುವಂತಾಗುವುದು ಇದನ್ನು ಮೊದಲೇ ಕೇಳದಿದ್ದಾಗ.

ವಾರಂಟಿ ಮುಗಿದಿದ್ದರೆ ಹೊರಗಿನ ಗ್ಯಾರೇಜುಗಳನ್ನೂ ನೋಡಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯ ಸುತ್ತಮುತ್ತ ಎಸಿ ಕೆಲಸ ಬಲ್ಲವರು ಹಲವರಿದ್ದಾರೆ, ಆದರೆ ಹೆಸರಿಗಿಂತ ಹೆಚ್ಚಾಗಿ ಅವರು ಎಂತಹ ಕಾರುಗಳನ್ನು ನೋಡುತ್ತಾರೆ ಎಂಬುದನ್ನು ಗಮನಿಸಬೇಕು. ವಿದ್ಯುತ್ ಕಾರುಗಳ ಎಸಿಯನ್ನು ನಿಯಮಿತವಾಗಿ ದುರಸ್ತಿ ಮಾಡುವ ಗ್ಯಾರೇಜನ್ನು ಹುಡುಕುವುದು ಒಳ್ಳೆಯ ದಾರಿ. ಆ ಕಾರುಗಳಲ್ಲಿಯೂ ಇಂಥದ್ದೇ ವಿದ್ಯುತ್ ಕಂಪ್ರೆಸರ್ ಇರುವುದರಿಂದ ಕೈಗವಸು, ಮೀಟರು, ಪ್ರತ್ಯೇಕ ಆಯಿಲ್ ಇವೆಲ್ಲ ಅಲ್ಲಿ ಮೊದಲೇ ಇರುವ ಸಾಧ್ಯತೆ ಹೆಚ್ಚು. ನಿಮ್ಮ ಊರಿನ ವಿದ್ಯುತ್ ಟ್ಯಾಕ್ಸಿ ಚಾಲಕರನ್ನು ಕೇಳಿದರೆ ಇಂತಹ ಜಾಗದ ಸುಳಿವು ಸಿಗಬಹುದು.

ಫೋನಿನಲ್ಲಿ ಹೀಗೆ ಕೇಳಿ: ‘ನಮ್ಮದು ಸ್ಟ್ರಾಂಗ್ ಹೈಬ್ರಿಡ್, ಕಂಪ್ರೆಸರ್ ಕರೆಂಟಿನದು. ನೀವು ಯಾವ ಆಯಿಲ್ ಹಾಕುತ್ತೀರಿ?’ ಉತ್ತರವನ್ನು ನೀವೇ ಹೇಳಿಕೊಡಬೇಡಿ. ಪಿಒಇ ಎಂದಾಗಲೀ, ಎನ್‌ಡಿ-11 ಎಂದಾಗಲೀ, ಕನಿಷ್ಠ ‘ಲೇಬಲ್ ನೋಡಿ ಹೇಳುತ್ತೇನೆ, ಇದಕ್ಕೆ ಬೇರೆ ಆಯಿಲ್ ಬೇಕು’ ಎಂದಾಗಲೀ ಹೇಳಿದರೆ ಮಾತು ಮುಂದುವರಿಸಬಹುದು. ‘ಎಲ್ಲ ಕಾರಿಗೂ ಒಂದೇ ಆಯಿಲ್’ ಎಂದರೆ ಧನ್ಯವಾದ ಹೇಳಿ ಫೋನ್ ಇಡಿ. ನಂತರ ಹಿಂದಿನ ಕಾರುಗಳ ಆಯಿಲ್ ಸೇರದಂತೆ ಗ್ಯಾಸ್ ಯಂತ್ರದ ಪೈಪುಗಳನ್ನು ಏನು ಮಾಡುತ್ತಾರೆ ಎಂದು ಕೇಳಿ. ಪ್ರತ್ಯೇಕ ಯಂತ್ರವಿದೆ ಎನ್ನುವುದು ಅತ್ಯುತ್ತಮ ಉತ್ತರ, ಪೈಪುಗಳನ್ನು ತೊಳೆದು ಬಳಸುತ್ತೇವೆ ಎನ್ನುವುದೂ ಒಪ್ಪತಕ್ಕದ್ದೇ.

ಕಂಪ್ರೆಸರ್ ಬಿಚ್ಚುವ ಕೆಲಸವಿದ್ದರೆ ಅಧಿಕ ವೋಲ್ಟೇಜನ್ನು ಹೇಗೆ ಕಡಿತಗೊಳಿಸುತ್ತಾರೆ ಎಂಬ ಪ್ರಶ್ನೆಯೂ ಬೇಕು. ಬಲ್ಲವರು ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆಯುವುದು, ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ತಕ್ಕಂತೆ ಬದಲಿಸುವ ಇನ್ವರ್ಟರಿನೊಳಗೆ ಉಳಿದ ವಿದ್ಯುತ್ ಇಳಿಯಲು ಕಂಪನಿ ಹೇಳಿದಷ್ಟು ಹೊತ್ತು (ಟೊಯೋಟಾ ಕಾರುಗಳಲ್ಲಿ ಕನಿಷ್ಠ 10 ನಿಮಿಷ) ಕಾಯುವುದು, 1000 ವೋಲ್ಟ್ ತಡೆಯುವ ರಬ್ಬರ್ ಕೈಗವಸು ಹಾಕಿಕೊಂಡು ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೇಬಲ್ ಬಿಚ್ಚುವುದು ಇವನ್ನೆಲ್ಲ ತಡವರಿಸದೆ ಹೇಳುತ್ತಾರೆ. ‘12 ವೋಲ್ಟ್ ಬ್ಯಾಟರಿಯ ಟರ್ಮಿನಲ್ ತೆಗೆದರೆ ಆಯಿತು’ ಎನ್ನುವವರ ಕೈಗೆ ಕಾರು ಕೊಡಬೇಡಿ, ಏಕೆಂದರೆ ಅದರಿಂದ ಅವರ ಜೀವಕ್ಕೇ ಅಪಾಯವಿದೆ. ‘ಹೈಬ್ರಿಡ್ ನಾನು ಮಾಡುವುದಿಲ್ಲ’ ಎಂದು ನೇರವಾಗಿ ಹೇಳುವ ಮೆಕ್ಯಾನಿಕ್ಕನ್ನು ಗೌರವಿಸಿ, ಬೇರೆ ಯಾರ ಬಳಿ ಹೋಗಬಹುದೆಂದು ಅವನನ್ನೇ ಕೇಳಿ.

ಪ್ರಮಾಣಪತ್ರದ ವಿಷಯಕ್ಕೆ ಬಂದರೆ, ಕಾರು ಕಂಪನಿ ನೀಡಿದ ಹೈಬ್ರಿಡ್ ತರಬೇತಿಯ ಪತ್ರಕ್ಕೆ ಹೆಚ್ಚು ತೂಕವಿದೆ. ಐಟಿಐನಲ್ಲಿ ವಿದ್ಯುತ್ ವಾಹನಗಳ ಮೆಕ್ಯಾನಿಕ್ ತರಬೇತಿ ಮುಗಿಸಿದ್ದರೆ ಒಳ್ಳೆಯದೇ, ಆದರೆ ಅದರ ಜೊತೆಗೆ ಎಸಿ ಕೆಲಸದ ರೂಢಿಯೂ ಇರಬೇಕು. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಹುಡುಕಾಟ ಸುಲಭ: ಅಲ್ಲಿ ಹಣ ಪಡೆದು ವಾಹನದ ಎಸಿ ದುರಸ್ತಿ ಮಾಡುವ ಟೆಕ್ನೀಷಿಯನ್ನಿಗೆ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎಯ ಸೆಕ್ಷನ್ 609 ಪ್ರಮಾಣಪತ್ರ ಕಡ್ಡಾಯ, ಹೈಬ್ರಿಡ್ ಮತ್ತು ವಿದ್ಯುತ್ ವಾಹನಗಳ ಪರಿಣತಿಗೆ ಮೆಕ್ಯಾನಿಕ್‌ಗಳಿಗೆ ಪ್ರಮಾಣಪತ್ರ ನೀಡುವ ಎಎಸ್‌ಇ ಸಂಸ್ಥೆಯ ಎಲ್3 ಪರೀಕ್ಷೆಯಿದೆ. ಎರಡನ್ನೂ ಕೇಳಿ ನೋಡಬಹುದು.

ಗ್ಯಾರೇಜಿಗೆ ಹೋದ ಮೇಲೆ ಕೆಲಸ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಗಮನಿಸಿ. ತಕ್ಕವನು ಗ್ಯಾಸಿನ ಸಿಲಿಂಡರ್ ಎತ್ತಿಕೊಳ್ಳುವ ಮೊದಲು ಸ್ಕ್ಯಾನರ್ ಹಾಕಿ ದೋಷದ ಕೋಡುಗಳನ್ನು ಓದುತ್ತಾನೆ, ಏಕೆಂದರೆ ಹೈಬ್ರಿಡ್ ವ್ಯವಸ್ಥೆಯೇ ಬೇರೊಂದು ಕಾರಣಕ್ಕೆ ಕಂಪ್ರೆಸರನ್ನು ನಿಲ್ಲಿಸಿರಬಹುದು. ಗ್ಯಾಸ್ ಕಡಿಮೆಯಿದ್ದರೆ ಎಲ್ಲಿಯೋ ಸೋರಿದೆ ಎಂದೇ ಅರ್ಥ. ಮಂಗಳೂರು, ಕಾರವಾರದಂತಹ ಕರಾವಳಿ ಊರುಗಳ ಉಪ್ಪುಗಾಳಿಗೆ ಕಂಡೆನ್ಸರ್ ತುಕ್ಕು ತಿಂದು ಸಣ್ಣ ತೂತು ಬೀಳುವುದುಂಟು. ಒಣ ನೈಟ್ರೋಜನ್ ತುಂಬಿ ಅಥವಾ ಎಲೆಕ್ಟ್ರಾನಿಕ್ ಯಂತ್ರದಿಂದ ಸೋರಿಕೆ ಹುಡುಕಿದರೆ ಬಣ್ಣದ ದ್ರವದ ಗೊಡವೆಯೇ ಇರುವುದಿಲ್ಲ. ಸೋರಿಕೆಯನ್ನು ಒಳಗಿನಿಂದ ಮುಚ್ಚುತ್ತದೆ ಎಂದು ಹೇಳಿ ಸೇರಿಸುವ ದ್ರಾವಣಗಳಿಗೆ ಒಪ್ಪಬೇಡಿ. ಸೋರಿಕೆ ಸರಿಪಡಿಸಿದ ಮೇಲೆ ವ್ಯಾಕ್ಯೂಮ್ ಮಾಡಿ (ಪೈಪುಗಳೊಳಗಿನ ಗಾಳಿ, ತೇವವನ್ನು ಹೊರಗೆಳೆದು), ಲೇಬಲ್ಲಿನಲ್ಲಿರುವಷ್ಟು ಗ್ಯಾಸನ್ನು ಗ್ರಾಂ ಲೆಕ್ಕದಲ್ಲಿ ತೂಗಿ ತುಂಬಬೇಕು. ಗೇಜ್ ನೋಡಿ ಅಂದಾಜಿನಲ್ಲಿ ತುಂಬುವ ರೂಢಿ ಇಲ್ಲಿ ಬೇಡ.

ಬಿಲ್ಲಿನಲ್ಲಿ ‘ಎಸಿ ಗ್ಯಾಸ್’ ಎಂಬ ಎರಡೇ ಪದಗಳಿದ್ದರೆ ಒಪ್ಪಿಕೊಳ್ಳಬೇಡಿ. ಗ್ಯಾಸಿನ ಬಗೆ, ಗ್ರಾಂ, ಆಯಿಲ್ಲಿನ ಹೆಸರು ಮತ್ತು ಪ್ರಮಾಣ, ಬದಲಿಸಿದ ಭಾಗದ ಸಂಖ್ಯೆ, ಕಂಪ್ರೆಸರ್ ಬದಲಿಸಿದ್ದರೆ ವಿದ್ಯುತ್ ಸೋರಿಕೆಯಿಲ್ಲವೆಂದು ನೋಡುವ ಇನ್ಸುಲೇಷನ್ ಪರೀಕ್ಷೆಯ ಅಳತೆ ಇವನ್ನು ಬರೆಸಿಕೊಳ್ಳಿ. ಕಾರನ್ನು ಪಡೆಯುವ ಮುನ್ನ ಕಾರು ಆನ್ ಇದ್ದು ಎಂಜಿನ್ ಮಾತ್ರ ಆರಿರುವ ಸ್ಥಿತಿಯಲ್ಲಿ ಕೆಲವು ನಿಮಿಷ ಎಸಿ ಓಡಿಸಿ ತಂಪು ಹಾಗೆಯೇ ಉಳಿಯುತ್ತದೆಯೇ ಎಂದು ನೋಡಿ, ಆಮೇಲೆ ಕಾರನ್ನು ಒಮ್ಮೆ ಪೂರ್ತಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿ, ಎಚ್ಚರಿಕೆಯ ದೀಪ ಯಾವುದೂ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು ಹಣ ಕೊಡಿ.